ಹಸಿ ಗಾಯಕ್ಕ ಮಣ್ಣು ಹಚ್ತಾರೇನೋ?

ಇಯರ್‌ಫೋನ್ ಹಾಕ್ಕೊಂಡು ಮಾಳಿಗೆ ಮೇಲೆ ಕೂತು ಕೇಳ್ತಿದ್ದರೆ, ಪಕ್ಕದ ಕುಂಡದ ಮಣ್ಣಿಗೆ ಒಮ್ಮೆ ಬೆರಳು ಹಾಕಿ ನೋಡಿ. ಹಸಿ ಇದೆಯಾ? ಅದರಲ್ಲಿರೋದು ಅಡೇನಿಯಂ ಆಗಿದ್ದರೆ ಇವತ್ತಿನ ಮಾತು ನಿಮಗೇ.

ನರ್ಸರಿಯವರು ಇದನ್ನ ಮರುಭೂಮಿ ಗುಲಾಬಿ ಅಂತ ಮಾರ್ತಾರೆ. ಗುಲಾಬಿಗೂ ಇದಕ್ಕೂ ಸಂಬಂಧವಿಲ್ಲ, ಇದು ನಮ್ಮ ಕಣಗಿಲೆ ಬಳಗದ್ದು. ತವರು ಆಫ್ರಿಕಾ, ಅರೇಬಿಯಾದ ಒಣ ನೆಲ. ಊದಿದ ಬುಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತೆ.

ದೇವದುರ್ಗದಲ್ಲಿ ನಮ್ಮ ಅಜ್ಜಿ ಮನೆ ಅಂಗಳದಲ್ಲಿ, ಹಳೇ ಎಣ್ಣೆ ಡಬ್ಬಿಯಲ್ಲಿ ಇಂಥದೊಂದು ಗಿಡ ಇತ್ತು. ಅಜ್ಜ ತಂದಿಟ್ಟಿದ್ದು. ಅಜ್ಜ ಹೋದ ಮೇಲೆ ಅಜ್ಜಿ ಅದನ್ನ ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಒಂದು ಮಳೆಗಾಲ, ಗಿಡಕ್ಕೆ ಬಾಯಾರಿಕೆ ಆಗ್ಬಾರದು ಅಂತ ನಾನೇ ಡಬ್ಬಿ ಕೆಳಗೆ ತಟ್ಟೆ ಇಟ್ಟು ರಾಯಚೂರಿಗೆ ಬಂದೆ. ಮುಂದಿನ ಸಲ ಹೋದಾಗ ಬುಡ ಒತ್ತಿದರೆ ಹಣ್ಣಾದ ಸೀತಾಫಲದ ಹಾಗೆ ಮೆತ್ತಗೆ. ಮೇಲಿನ ಮೂರು ಟೊಂಗೆ ಮಾತ್ರ ಗಟ್ಟಿ ಇದ್ದವು.

"ಇದನ್ನರ ಉಳಸ್ತೀಯೇನೋ ತಮ್ಮಾ?" ಅಂದ್ಲು ಅಜ್ಜಿ. ಬೈದಿದ್ದರೇ ಚೆನ್ನಾಗಿತ್ತು.

ಮೂರನ್ನೂ ಕೊಯ್ದು ರಾಯಚೂರಿನ ರೂಮಿಗೆ ತಂದೆ. ಮೊದಲನೇದನ್ನ ಮಾನ್ವಿಯ ನಮ್ಮ ಹೊಲದ ಎರೆಮಣ್ಣಲ್ಲಿ ನೆಟ್ಟು ದಿನಾ ನೀರು ಹಾಕಿದೆ. ಹತ್ತು ದಿನಕ್ಕೆ ಕೊಳೀತು. ಹತ್ತಿಗೆ, ಜೋಳಕ್ಕೆ ಬಂಗಾರದಂಥ ಮಣ್ಣು ಅದು. ಆದರೆ ಹಸಿಯಾದರೆ ಉಬ್ಬಿ ಬೇರಿಗೆ ಗಾಳಿ ಸಿಗೋಕೆ ಬಿಡಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತೆ. ಎರಡನೇದಕ್ಕೆ ಉಸುಕು ಹಾಕಿದೆ, ಆದರೆ ತಂದ ದಿನವೇ ನೆಟ್ಟಿದ್ದೆ. ಕೊಯ್ದ ತುದಿ ಕಪ್ಪಾಯ್ತು. ಮೂರನೇದು ಕಪಾಟಿನ ಮೇಲೆ ಪೇಪರಿನಲ್ಲಿ ಬಿದ್ದಿತ್ತು, ಮರೆತೇ ಹೋಗಿತ್ತು.

ನಾಚಿಕೆ ಬಿಟ್ಟು ಅಜ್ಜಿಗೆ ಫೋನ್ ಮಾಡಿದೆ. "ಹಸಿ ಗಾಯಕ್ಕ ಯಾರರ ಮಣ್ಣು ಹಚ್ತಾರೇನೋ? ನಮ್ಮ ಬಾಗಲಿಗೆ ಕಟ್ಟಿದ ಲೋಳಸರ ನೋಡು. ಮಣ್ಣಿಲ್ಲ, ನೀರಿಲ್ಲ, ತಲಿಕೆಳಗ ಜೋತಾಡ್ತೈತಿ. ಸತ್ತೈತೇನು?"

ಕಪಾಟಿನ ಟೊಂಗೆ ತೆಗೆದು ನೋಡಿದೆ. ಸ್ವಲ್ಪ ಸುಕ್ಕಾಗಿತ್ತು, ಆದರೆ ಕೊಯ್ದ ಜಾಗ ಒಣಗಿ ಹಕ್ಕಳೆ ಕಟ್ಟಿತ್ತು. ಬೇಕಾಗಿದ್ದು ಅದೇ! ನೀವು ಮಾಡೋದಾದ್ರೆ ಬೆರಳು ದಪ್ಪದ ಟೊಂಗೆ ಕೊಯ್ದು ಎಲೆ ತೆಗೆದು, ನೆರಳಲ್ಲಿ ಒಂದು ವಾರ ಬಿಡಿ. ಅದರ ಹಾಲು ವಿಷ, ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ತಿದ್ರು. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಮಕ್ಕಳನ್ನೂ ದೂರ ಇಡಿ. ಆಮೇಲೆ ದಪ್ಪ ಉಸುಕು, ಇಟ್ಟಿಗೆ ಚೂರು, ಒಂಚೂರು ಗೊಬ್ಬರ. ಕುಂಡದ ತೂತು ತೆರೆದಿರಲಿ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಬೇರು ಬಂತಾ ಅಂತ ಕಿತ್ತು ನೋಡೋ ಚಟ ಬೇಡ (ನಾನು ಎರಡು ಸಲ ನೋಡಿದೆ, ಸುಳ್ಳು ಯಾಕೆ).

ಆರನೇ ವಾರ ತುದಿಯಲ್ಲಿ ಎರಡು ಎಲೆ. ಫೋಟೋ ಕಳಿಸಿದೆ. ಟೊಂಗೆಯಿಂದ ಬಂದ ಗಿಡಕ್ಕೆ ಬೀಜದ ಗಿಡದಂಥ ದಪ್ಪ ಬುಡ ಸುಲಭಕ್ಕೆ ಬರಲ್ಲ ಅಂತಲೂ ಹೇಳಿದೆ.

"ಹೂವಿನ ಬಣ್ಣರ ಅದೇ ಇರ್ತೈತಲ್ಲ?"

ಇರುತ್ತೆ ಅಜ್ಜಿ, ಅದೇ ಗಿಡ ಇದು.

ಈ ದೀಪಾವಳಿಗೆ ತೊಡೆ ಮೇಲಿಟ್ಟುಕೊಂಡು ಬಸ್ಸಲ್ಲಿ ದೇವದುರ್ಗಕ್ಕೆ ಒಯ್ತೀನಿ. ತಟ್ಟೆ ಮಾತ್ರ ಒಯ್ಯಲ್ಲ.