ಪಾದ್ರಿಗಳ ಕಾಲೇಜಿನಲ್ಲಿ ಸಿಕ್ಕಿದ ವಿಜಯನಗರ



ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಓದುತ್ತೇನೆಂದಾಗ ಅಪ್ಪ, "ಕೆಲಸ ಯಾರು ಕೊಡ್ತಾರೆ?" ಎಂದರು. ಅಜ್ಜಿಯ ಚಿಂತೆ ಬೇರೆ: "ಪಾದ್ರಿಗಳ ಕಾಲೇಜು. ಹುಡುಗಿ ನಮ್ಮವಳಾಗಿ ಉಳೀತಾಳಾ?"

ನನಗೆ ಅಲ್ಲಿ ಸಿಕ್ಕಿದ್ದು ವಿಜಯನಗರ! ಸ್ಪೇನಿನಿಂದ 1922ರಲ್ಲಿ ಬಂದು ಅಲ್ಲಿ ಪಾಠ ಹೇಳಿದ ಫಾದರ್ ಹೆನ್ರಿ ಹೆರಾಸ್, ಅರವೀಡು ವಂಶದ ಬಗ್ಗೆ 1927ರಲ್ಲೇ ದೊಡ್ಡ ಗ್ರಂಥ ಬರೆದಿದ್ದರು. 1565ರ ತಾಳೀಕೋಟೆ ಯುದ್ಧಕ್ಕೆ ಎಲ್ಲ ಮುಗಿಯಿತೆಂದೇ ನಾನು ನಂಬಿದ್ದೆ. ಆಮೇಲೂ ಪೆನುಕೊಂಡೆ, ಚಂದ್ರಗಿರಿಗಳಿಂದ ಅರಸರು ಆಳಿದ್ದು ತಿಳಿದದ್ದು ಅಲ್ಲಿಯೇ. ಹೆರಾಸರು ಶಾಸನಗಳ ಜೊತೆಗೆ ಜೆಸ್ಯೂಟ್ ಪಾದ್ರಿಗಳ ಪತ್ರಗಳನ್ನೂ ಆಧಾರವಾಗಿ ಬಳಸಿದ್ದರು. "ಬರೆದವರು ಯಾರು? ಯಾರಿಗೆ ಬರೆದರು?" ಎಂದು ನಮ್ಮ ಮೇಡಂ ಪ್ರತಿ ದಾಖಲೆಗೂ ಕೇಳುತ್ತಿದ್ದರು. ಪಾದ್ರಿಗಳ ಪತ್ರಕ್ಕೂ ಅದೇ ಪ್ರಶ್ನೆ, ರಿಯಾಯಿತಿ ಇಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಹೂ ಕಟ್ಟುತ್ತಲೇ ಕೇಳಿಸಿಕೊಂಡರು. "ಅರಸರದ್ದು ಆಯ್ತು. ನಾನು ಮಂಗಳೂರಿಂದ ಹಡಗಿನಲ್ಲಿ, ಕೈಗೂಸು ಕಟ್ಟಿಕೊಂಡು ಮುಂಬಯಿಗೆ ಬಂದದ್ದು ಯಾವ ಪುಸ್ತಕದಲ್ಲಿದೆ?"

ಎಲ್ಲಿಯೂ ಇರಲಿಲ್ಲ. ನನ್ನ ತಂದೆಯೇ ಆ ಕೈಗೂಸು ಎಂಬುದು ಕೂಡ ನನಗೆ ಅಂದೇ ಗೊತ್ತಾದದ್ದು.

ನೋಟ್‌ಬುಕ್ ತಂದು ಅವರ ಎದುರು ಕೂತೆ. ಅಜ್ಜಿ ಹೂವಿನ ಬುಟ್ಟಿ ಬದಿಗಿಟ್ಟು, "ಮೊದಲು ಬಂದರಿನಿಂದ ಬರ್ಕೋ" ಎಂದರು.