ಎರಡು ಪಟ್ಟಿಗಳ ನಡುವಿನ ಸುರಂಗ

ಏಷ್ಯಾ ಖಂಡದ ನಿಸರ್ಗ ವಿಸ್ಮಯಗಳನ್ನೂ ಪ್ರಾಚೀನ ನೆಲೆಗಳನ್ನೂ ಕುರಿತು ಎರಡು ದಿನ ನಡೆಯಲಿರುವ ಈ ವಿಚಾರ ಸಂಕಿರಣಕ್ಕೆ ಸಂಘಟಕರು ದುಬೈಯ ಅಲ್ ಕೂಜ್‌ನಂಥ ಸ್ಥಳವನ್ನು ಆರಿಸಿದ್ದಾರೆ. ಗೋದಾಮು, ಗ್ಯಾರೇಜು, ಕಬ್ಬಿಣ ಕತ್ತರಿಸುವ ವರ್ಕ್‌ಶಾಪು, ಕಾರ್ಮಿಕರ ವಸತಿ, ಇತ್ತೀಚೆಗೆ ಚಿತ್ರಕಲೆಯ ಗ್ಯಾಲರಿಗಳು ತುಂಬಿರುವ ಈ ಬಡಾವಣೆಗೆ ಪ್ರಾಚೀನತೆಯನ್ನು ಅರಸಿ ಬರುವವರು ವಿರಳ. ಆದರೆ ‘ಕೂಜ್’ ಎಂಬ ಅರಬ್ಬಿ ಪದದ ಅರ್ಥ ಮರಳದಿಬ್ಬ ಎಂಬುದನ್ನೂ, ಶೇಖ್ ಜಾಯೆದ್ ರಸ್ತೆಯನ್ನು ದಾಟಿ ಕಡಲಿನ ದಿಕ್ಕಿಗೆ ಹೋದರೆ ಸಿಗುವ ಜುಮೇರಾದಲ್ಲಿ ಅಬ್ಬಾಸಿ ಕಾಲದ, ಅಂದರೆ ಸುಮಾರು 9–10ನೆಯ ಶತಮಾನದ ಒಂದು ಊರು ಮಣ್ಣಿನಡಿಯಿಂದ ಎದ್ದು ಬಂದಿದೆ ಎಂಬುದನ್ನೂ ನೆನೆದರೆ ಆಯ್ಕೆ ಅಷ್ಟೇನೂ ವಿಚಿತ್ರವೆನಿಸದು. 1969ರಲ್ಲಿ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ತಂಡ ಅಗೆಯಲಾರಂಭಿಸಿದ ಆ ನೆಲೆಯಲ್ಲಿ ಮಸೀದಿಯಿದೆ, ಅಂಗಡಿಗಳ ಸಾಲಿದೆ, ಒಂಟೆಯ ಮೇಲೆ ಸರಕು ಸಾಗಿಸುತ್ತಿದ್ದ ವರ್ತಕರು ತಂಗುತ್ತಿದ್ದ ಛತ್ರವೂ ಇದೆ. ಊರಿಂದ ಬಂದು ಇಲ್ಲಿ ದುಡಿಯುತ್ತಿರುವ ಕನ್ನಡಿಗರಲ್ಲಿ ಅದನ್ನು ಕಂಡವರೆಷ್ಟು ಮಂದಿ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತುವುದು ಸೌಜನ್ಯವಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುವುದು ಲೇಸು.

ಈ ಭಾಷಣದ ಆಶಯ ಸಂಕಿರಣದ ವಿಷಯಸೂಚಿಯಲ್ಲಿರುವ ‘ಮತ್ತು’ ಎಂಬ ಒಂದು ಪದಕ್ಕೆ ಸಂಬಂಧಿಸಿದ್ದು. ನಿಸರ್ಗ ವಿಸ್ಮಯಗಳು ‘ಮತ್ತು’ ಪ್ರಾಚೀನ ನೆಲೆಗಳು ಎಂದೊಡನೆ ಎರಡು ಪಟ್ಟಿಗಳು ಸಿದ್ಧವಾಗುತ್ತವೆ. ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿ 1986ರ ಹಂಪಿ, 1987ರ ಪಟ್ಟದಕಲ್ಲು, 2023ರ ಹೊಯ್ಸಳ ದೇವಾಲಯಗಳು ಸಾಂಸ್ಕೃತಿಕ ಎಂಬ ಕಡೆಗೂ, 2012ರ ಪಶ್ಚಿಮ ಘಟ್ಟಗಳು ನೈಸರ್ಗಿಕ ಎಂಬ ಕಡೆಗೂ ಬಿದ್ದಿವೆ. ಎರಡೂ ಸೇರಿದ ‘ಮಿಶ್ರ’ ಎಂಬ ಮೂರನೆಯ ವರ್ಗವೊಂದಿದ್ದರೂ ಭಾರತದಿಂದ ಅದರಲ್ಲಿ ಸ್ಥಾನ ಪಡೆದಿರುವುದು 2016ರಲ್ಲಿ ಸೇರಿದ ಸಿಕ್ಕಿಮಿನ ಕಾಂಚನಜುಂಗಾ ಉದ್ಯಾನ ಒಂದೇ. ಪ್ರವಾಸ ಸಾಹಿತ್ಯವೂ ಈ ವಿಂಗಡಣೆಯನ್ನು ಪ್ರಶ್ನಿಸದೆ ಒಪ್ಪಿಕೊಂಡಿತು. ವಿ.ಸೀ. ಅವರ ‘ಪಂಪಾಯಾತ್ರೆ’ಯಂಥ, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನಂಥ ಕೃತಿಗಳನ್ನು ಬದಿಗಿಟ್ಟರೆ, ಕನ್ನಡದ ಪ್ರವಾಸಿ ಜಲಪಾತದ ಮುಂದೆ ಇತಿಹಾಸವನ್ನು ಮರೆಯುತ್ತಾನೆ, ದೇವಾಲಯದ ಮುಂದೆ ಅದು ನಿಂತಿರುವ ಬಂಡೆಯನ್ನು ಮರೆಯುತ್ತಾನೆ. ಪುರಾತತ್ತ್ವವೂ ಭೂವಿಜ್ಞಾನವೂ ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತ ದಿನದಿಂದ, ಆ ಎರಡರ ನಡುವೆ ಬೀಳುವ ವಸ್ತುಗಳು, ಮುಖ್ಯವಾಗಿ ನೀರು ಸಾಗಿಸುವ ರಚನೆಗಳು, ಯಾರ ಕಣ್ಣಿಗೂ ಬೀಳದೆ ಹೋದವು ಎಂಬುದು ಈ ಭಾಷಣಕಾರನ ಬಹುಕಾಲದ ದೂರು. ಸಭೆಯಲ್ಲಿರುವ ಹಲವರು ಇದನ್ನು ಹಿಂದೆಯೂ ಕೇಳಿ ಬೇಸತ್ತಿರಬಹುದು.

ಏಷ್ಯಾದ ಪ್ರಾಚೀನತೆಯ ವಿಸ್ತಾರ ಸಮೀಕ್ಷೆಯನ್ನು ಇಲ್ಲಿ ಮಾಡುವ ಅಗತ್ಯವಿಲ್ಲ. ಮೆಸೊಪೊಟೇಮಿಯದ ಮಣ್ಣಿನ ಫಲಕಗಳಲ್ಲಿ ಬರುವ ‘ಮಗಾನ್’ ಎಂಬ ತಾಮ್ರದ ನಾಡನ್ನು ಕುರಿತು ಮಾತನಾಡಲಿರುವವರು ಮುಂದಿನ ಸಾಲಿನಲ್ಲೇ ಇದ್ದಾರೆ. ಶಾರ್ಜಾದ ಫಾಯಾ 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವ ಹಿನ್ನೆಲೆಯಲ್ಲಿ, ಆದಿಮಾನವರು ಆಫ್ರಿಕಾದಿಂದ ಅರೇಬಿಯದ ಮೂಲಕ ದಕ್ಷಿಣ ಭಾರತ ತಲುಪಿರಬಹುದಾದ ದಾರಿಯನ್ನೂ, ಧಾರವಾಡದ ರವಿ ಕೋರಿಶೆಟ್ಟರ್ ಅವರು ಮೈಕೆಲ್ ಪೆಟ್ರಾಗ್ಲಿಯಾ ಅವರೊಡನೆ ಅಂದಿನ ಕರ್ನೂಲು ಜಿಲ್ಲೆಯ ಜ್ವಾಲಾಪುರದಲ್ಲಿ ನಡೆಸಿದ ಶೋಧವನ್ನೂ ನಾಳೆಯ ಗೋಷ್ಠಿ ಚರ್ಚಿಸಲಿದೆ. ಅವರ ಮಾತನ್ನು ಮೊದಲೇ ಆಡಿ ಕೆಡಿಸುವುದು ಆಶಯ ಭಾಷಣದ ಕೆಲಸವಲ್ಲ.

ಇಲ್ಲಿ ಎತ್ತಿಕೊಳ್ಳುವುದು ಅಲ್ ಐನ್ ಎಂಬ ಒಂದೇ ಊರಿನ ಉದಾಹರಣೆಯನ್ನು. ಅಬುಧಾಬಿ ಸಂಸ್ಥಾನಕ್ಕೆ ಸೇರಿದ ಈ ಓಯಸಿಸ್‌ನ ನೆಲೆಗಳು, ಅಂದರೆ ಹಫೀತ್ ಬೆಟ್ಟದ ಬುಡದ ಐದು ಸಾವಿರ ವರ್ಷ ಹಳೆಯ ಕಲ್ಲುಗೋರಿಗಳು, ಹಿಲಿಯ ಕಂಚಿನ ಯುಗದ ಸಮಾಧಿಗಳು, ಬಿದಾ ಬಿಂತ್ ಸೌದ್ ಮತ್ತು ಖರ್ಜೂರದ ತೋಟಗಳು, 2011ರಲ್ಲಿ ‘ಸಾಂಸ್ಕೃತಿಕ’ ಎಂಬ ಹಣೆಪಟ್ಟಿಯೊಡನೆ ಯುನೆಸ್ಕೋ ಪಟ್ಟಿಗೆ ಸೇರಿದವು. ಆದರೆ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ ಬೀಳುವ ನಾಡಿನಲ್ಲಿ ಆ ತೋಟಗಳು ಬದುಕಿದ್ದು ಪೂರ್ವದ ಹಜರ್ ಬೆಟ್ಟಸಾಲಿನಿಂದ. ಆ ಬೆಟ್ಟಸಾಲಿನ ದೊಡ್ಡ ಭಾಗ ‘ಓಫಿಯೊಲೈಟ್’ ಎಂಬ ಶಿಲಾಸಮೂಹ; ಎಂದರೆ ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಭೂಪದರವೂ ಅದರಡಿಯ ಶಿಲೆಗಳೂ ಭೂಫಲಕಗಳ ಒತ್ತಡಕ್ಕೆ ಸಿಕ್ಕಿ ನೆಲದ ಮೇಲೇರಿ ನಿಂತ ರಾಶಿ. ಮಗಾನಿನ ತಾಮ್ರ ಹುಟ್ಟಿದ್ದು ಅದೇ ಕಲ್ಲಿನಲ್ಲಿ. ಆ ಬೆಟ್ಟಗಳ ಮೇಲೆ ಬಿದ್ದ ಅಲ್ಪ ಮಳೆ ಬುಡದ ಜಲ್ಲಿಯಲ್ಲಿ ಇಂಗಿ ನಿಲ್ಲುತ್ತಿತ್ತು. ಅದನ್ನು ಮೈಲಿಗಟ್ಟಲೆ ದೂರದ ತೋಟಕ್ಕೆ ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ತಂದದ್ದು ‘ಫಲಜ್’, ಬಹುವಚನದಲ್ಲಿ ‘ಅಫ್ಲಾಜ್’. ಪಾಲು ಮಾಡುವುದು ಎಂಬ ಅರ್ಥದ ಧಾತುವಿನಿಂದ ಬಂದ ಈ ಪದ ನೀರಿನ ಕಾಲುವೆಯನ್ನೂ ಅದರ ಹಂಚಿಕೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಬೆಟ್ಟದ ಬದಿಯಲ್ಲಿ ಮೊದಲು ತಾಯಿಬಾವಿಯೊಂದನ್ನು ತೋಡಿ ನೀರಿನ ಮಟ್ಟ ಕಂಡುಕೊಂಡು, ಆಮೇಲೆ ಸುರಂಗ ಕೊರೆದು, ಮಣ್ಣೆತ್ತಲೂ ಗಾಳಿಯಾಡಲೂ ಅಲ್ಲಲ್ಲಿ ಲಂಬ ಗುಂಡಿಗಳನ್ನು ಬಿಡುವುದು ಅದರ ಕ್ರಮ. ನೀರು ಮೊದಲ ಬಾರಿ ಬೆಳಕು ಕಾಣುವ ಜಾಗಕ್ಕೆ ‘ಶರೀಅ’ ಎಂದೂ, ಸರದಿ ನೋಡಿಕೊಳ್ಳುವವನಿಗೆ ‘ಅರೀಫ್’ ಎಂದೂ ಹೆಸರು. ಈಗ ಅಂತರ್ಜಲ ಕುಸಿದು ಇಲ್ಲಿನ ಫಲಜ್‌ಗಳಿಗೆ ಪಂಪಿನ ಆಸರೆ ಬೇಕಾಗಿದೆ ಎಂಬುದೂ ನಿಜ.

ಬಹಳ ಕಾಲ ಈ ವಿದ್ಯೆ ಇರಾನಿನದೇ, ಅಲ್ಲಿನ ‘ಕನಾತ್’ ಎಂಬುದೇ ಮೂಲ ಎಂದು ನಂಬಲಾಗಿತ್ತು. ಅಲ್ ಐನ್ ಸುತ್ತಮುತ್ತ ಸುಮಾರು ಮೂರು ಸಾವಿರ ವರ್ಷ ಹಿಂದಿನ, ಕಬ್ಬಿಣದ ಯುಗದ ಫಲಜ್‌ಗಳು ಸಿಕ್ಕ ಮೇಲೆ, ವಲೀದ್ ಯಾಸೀನ್ ಅಲ್ ತಿಕ್ರಿತಿಯವರಂಥ ಪುರಾತತ್ತ್ವಜ್ಞರು ಇದರ ಮೂಲ ಆಗ್ನೇಯ ಅರೇಬಿಯವೇ ಎಂದು ವಾದಿಸಿದರು. ವಾದ ಮುಗಿದಿಲ್ಲ. ಮುಗಿಯದ ಈ ವಾದದ ಪಕ್ಕದಲ್ಲೇ, ಅರಬ್ಬಿ ಸಮುದ್ರದ ಆಚೆ ದಡದಲ್ಲಿ, ಅದರ ತಮ್ಮನಂಥ ಇನ್ನೊಂದು ಪ್ರಶ್ನೆಯಿದೆ.

ಕಾಸರಗೋಡಿನ ಎಣ್ಮಕಜೆ, ಪಡ್ರೆ, ಬಾಯಾರು, ಗಡಿಯೀಚೆ ಬಂಟ್ವಾಳ ತಾಲೂಕಿನ ಅಡ್ಯನಡ್ಕ ಕಡೆಯ ಗುಡ್ಡಗಳಲ್ಲಿ ಮನೆಯ ಹಿಂದಿನ ಮುರಕಲ್ಲನ್ನು ಅಡ್ಡಡ್ಡ ಕೊರೆದು ನೀರು ತೆಗೆಯುವ ‘ಸುರಂಗ’ಗಳಿವೆ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನುಗ್ಗುವಷ್ಟೇ ಅಗಲದ ಈ ಬಿಲಗಳ ತುದಿಯಲ್ಲಿ ಒಸರುವ ನೀರು ಅಂಗಳದ ಕೊಳಕ್ಕೆ ಬೀಳುತ್ತದೆ, ಅಡಿಕೆ ತೋಟಕ್ಕೆ ಹರಿಯುತ್ತದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ನಾಡಿಗೆ ಇದೇಕೆ ಬೇಕು ಎಂದು ಹೊರಗಿನವರು ಕೇಳುತ್ತಾರೆ. ಮುರಕಲ್ಲಿನ ಗುಡ್ಡ ಮಳೆಗಾಲದ ನೀರನ್ನು ಹಿಡಿದಿಡದೆ ಬಿಟ್ಟುಕೊಡುತ್ತದೆ, ಮಾರ್ಚ್ ಹೊತ್ತಿಗೆ ಬಾವಿ ಒಣಗುತ್ತದೆ ಎಂಬುದು ಉತ್ತರ. ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಇವುಗಳ ಬಗ್ಗೆ ಬರೆದಿದ್ದಾರೆ. ಬೋಳುಗುಡ್ಡದ ಮೇಲೆ ಒಬ್ಬಂಟಿಯಾಗಿ ಸುರಂಗ ಕೊರೆದು, ಮೊದಲ ಪ್ರಯತ್ನಗಳು ವಿಫಲವಾದರೂ ಬಿಡದೆ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿದೆ.

ಈ ಸುರಂಗ ಎಲ್ಲಿಂದ ಬಂತು? ಅರಬ್ ಅಥವಾ ಪಾರಸಿ ವ್ಯಾಪಾರಿಗಳು ಕರಾವಳಿಗೆ ತಂದರೆಂಬುದು ಒಂದು ಮತ. ಬೀದರಿನಲ್ಲಿ ಬಹಮನಿ ಕಾಲದಲ್ಲಿ ಇರಾನಿ ಮಾದರಿಯಲ್ಲಿ ಕೊರೆದ, ಸಾಲುಸಾಲಾಗಿ ಲಂಬ ಬಾವಿಗಳಿರುವ ನೌಬಾದಿನ ಕರೇಜ್ ಇಂದಿಗೂ ಇರುವುದರಿಂದ, ದಖ್ಖನಿನಿಂದ ಇಳಿದು ಬಂದಿರಬಹುದೆಂಬುದು ಇನ್ನೊಂದು. ಮುರಕಲ್ಲು ಕಡಿಯುವವರ ಸ್ವಂತ ಬುದ್ಧಿಯೆಂಬುದು ಮೂರನೆಯದು. ಹೆಸರಿನಿಂದ ಏನನ್ನೂ ಸಾಧಿಸಲಾಗದು; ಸಂಸ್ಕೃತದ ‘ಸುರುಂಗಾ’ ಗ್ರೀಕಿನ ‘ಸಿರಿಂಕ್ಸ್’ನಿಂದ ಬಂದದ್ದೆಂದು ಹಲವು ಭಾಷಾವಿದರು ಹೇಳುತ್ತಾರಾದರೂ, ಹಾಗೆಂದು ಪಡ್ರೆಯ ಗುಡ್ಡಕ್ಕೆ ಯವನರು ಬಂದು ಪಿಕ್ಕಾಸು ಹಿಡಿದರೆನ್ನಲು ಸಾಧ್ಯವಿಲ್ಲ. ಕಡಲಾಚೆಯ ನಂಟನ್ನು ಹುಡುಕುವ ಚಪಲ ಕನ್ನಡದ ವಿದ್ವತ್ತಿಗೆ ಹೊಸದಲ್ಲ: ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡವಿದೆಯೆಂಬ ವಾದಕ್ಕೆ ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಬಹಳ ಶ್ರಮ ವ್ಯಯಿಸಿದರು, ಅದಿನ್ನೂ ಸರ್ವಸಮ್ಮತವಾಗಿಲ್ಲ.

ಇಲ್ಲಿ ಒಂದು ಪ್ರಸಂಗವನ್ನು ನೆನೆಯುವುದಕ್ಕೆ ಸಭೆಯ ಅನುಮತಿ ಬೇಕು. ಅಲ್ ಕೂಜ್‌ನ ವರ್ಕ್‌ಶಾಪೊಂದರಲ್ಲಿ ಪೈಪು ಜೋಡಿಸುವ ಕೆಲಸದಲ್ಲಿದ್ದ ಬಾಯಾರು ಕಡೆಯ ಒಬ್ಬರು ಗೆಳೆಯರ ಜೊತೆ ಅಲ್ ಐನ್‌ಗೆ ಹೋಗಿದ್ದಾಗ, ಉಳಿದವರು ಫೋಟೋ ತೆಗೆಯುತ್ತಿದ್ದ ಹೊತ್ತಿನಲ್ಲಿ ಅವರು ಚಪ್ಪಲಿ ಕಳಚಿ ಫಲಜ್‌ನ ನೀರಿಗೆ ಕಾಲಿಟ್ಟು, ಮಾರ್ಗದರ್ಶಕನ ವಿವರಣೆಯನ್ನೆಲ್ಲ ಕೇಳಿ, ‘ಇಷ್ಟು ಗುಂಡಿ ಯಾಕೆ ತೋಡಿದ್ದು ಇವರು? ನಮ್ಮಲ್ಲಿ ಒಳಗೆ ಚಿಮಿಣಿ ನಂದಿದರೆ ಹೊರಗೆ ಬರುವುದು, ಅಷ್ಟೇ’ ಎಂದರಂತೆ. ಅವರ ಅಜ್ಜ ಸುರಂಗ ತೋಡುವವರು. ಗ್ರಂಥಗಳಲ್ಲಿ ಪುಟಗಟ್ಟಲೆ ಹಬ್ಬಿರುವ ತೌಲನಿಕ ಚರ್ಚೆಯ ತಿರುಳು ಆ ಮಾತಿನಲ್ಲಿದೆ. ಫಲಜ್ ಊರಿನ ಆಸ್ತಿ, ಅದಕ್ಕೆ ತಾಯಿಬಾವಿಯೂ ಗಾಳಿಗುಂಡಿಗಳೂ ಬೇಕು. ಸುರಂಗ ಒಂದು ಮನೆಯ ಆಸ್ತಿ, ಬಹುಪಾಲು ಸುರಂಗಗಳಿಗೆ ಇರುವುದು ಒಂದೇ ಬಾಯಿ, ಗಾಳಿಯ ಪರೀಕ್ಷೆಗೆ ಚಿಮಿಣಿ ದೀಪ. ಫಲಜ್ ಕೊರೆಯುವವನಿಗೆ ಸಡಿಲ ಜಲ್ಲಿಯ ಭಯ. ಸುರಂಗ ತೋಡುವವನಿಗೆ ಸಿಕ್ಕಿದ್ದೋ, ನೆಲದಡಿ ತೇವವಿರುವಾಗ ಪಿಕ್ಕಾಸಿಗೆ ಮಣಿದು, ಗಾಳಿ ತಾಗಿದ ಮೇಲೆ ಗಟ್ಟಿಯಾಗಿ, ಆಧಾರವಿಲ್ಲದೆ ನಿಲ್ಲುವ ಕಲ್ಲು. ಮಲಬಾರಿನಲ್ಲಿ ಫ್ರಾನ್ಸಿಸ್ ಬುಕಾನನ್ ಗಮನಿಸಿ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಈ ಗುಣದ ಕಲ್ಲಿಗೇ.

ಆದುದರಿಂದ ಈ ಭಾಷಣಕಾರನ ಒಲವು ಮೂರನೆಯ ಮತದ ಕಡೆಗೆ. ಕಲ್ಲಿನ ಗುಣವೇ ಸುರಂಗವನ್ನು ಕಲಿಸಿರಬೇಕು. ಆದರೆ ಒಲವು ಸಾಕ್ಷ್ಯವಲ್ಲ. ಬೆಟ್ಟದೊಳಗೆ ಅಡ್ಡಲಾಗಿ ನೀರಿದೆ ಎಂಬ ಯೋಚನೆಯೊಂದೇ ಹಡಗೇರಿ ಬಂದಿರಬಾರದೇಕೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಮನೆಯವರ ನೆನಪು ಮೂರು ನಾಲ್ಕು ತಲೆಮಾರಿನಾಚೆ ಹೋಗುವುದು ಅಪರೂಪ, ಸುರಂಗದ ಬಾಯಲ್ಲಿ ಶಾಸನ ಕೆತ್ತಿಸುವ ರೂಢಿಯಿಲ್ಲ. ಹಜರ್ ಬೆಟ್ಟದ ನೀರಿನ ದಾರಿಗೆ 2020ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಯಲ್ಲೂ ಜಾಗ ಸಿಕ್ಕಿತು. ಕಾಸರಗೋಡಿನ ಸುರಂಗ ನಿಸರ್ಗದ ಪಟ್ಟಿಗೂ ಸೇರಿಲ್ಲ, ಪುರಾತನದ ಪಟ್ಟಿಗೂ ಸೇರಿಲ್ಲ. ಕೊಳವೆಬಾವಿ ಬಂದ ಮೇಲೆ ತೋಡುವವರು ಕಡಿಮೆಯಾಗಿ, ಬಲ್ಲವರು ಮುದುಕರಾಗಿದ್ದಾರೆ.

ಕೊನೆಗೆ ಒಂದೇ ಕೋರಿಕೆಯನ್ನು ಮುಂದಿಡಬಹುದು. ಈ ಸಭೆಯಲ್ಲಿರುವ ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆಯವರು ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಮಳೆ ಹಿಡಿಯುವ ಮೊದಲು, ತಮ್ಮ ಜಾಗದಲ್ಲೋ ನೆರೆಯವರ ಜಾಗದಲ್ಲೋ ಇರುವ ಒಂದು ಸುರಂಗದ ಉದ್ದ, ದಿಕ್ಕು, ತೋಡಿದವರ ಹೆಸರು, ತೋಡಿದ ಕಾಲ, ಮೊದಲ ನೀರು ಸಿಕ್ಕ ಆಳ, ಇಷ್ಟನ್ನು ಬರೆದಿಟ್ಟುಕೊಂಡು ಬಂದರೆ ಮುಂದಿನ ಸಂಕಿರಣಕ್ಕೆ ಚರ್ಚಿಸಲು ಏನಾದರೂ ಇರುತ್ತದೆ. ಅದಕ್ಕೆ ಬೇಕಾದದ್ದು ಒಂದು ಹಗ್ಗ, ಒಂದು ಟಾರ್ಚು, ಒಂದು ಚಿಮಿಣಿ. ಚಿಮಿಣಿ ನಂದಿದರೆ ಅಳತೆಯನ್ನು ಅಲ್ಲಿಗೇ ಬಿಟ್ಟು ಹೊರಗೆ ಬರಬೇಕು.