ಮನೆ ಕೊಳ್ಳುವಾಗ ಕನ್ವೇಯನ್ಸರ್: ಅಗ್ಗ ಯಾವುದು, ದುಬಾರಿ ಯಾವುದು?

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದ ದಿನ ಹಾಡು, ನೃತ್ಯ, ಹೋಳಿಗೆ ಊಟದ ನಡುವೆ ವಕೀಲರ ಶುಲ್ಕದ ವಿಚಾರವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಇಂಗ್ಲೆಂಡಿಗೆ ಬಂದ ನಮ್ಮ ಕುಟುಂಬಗಳಲ್ಲಿ ಕೆಲವು ವರ್ಷ ಕಳೆಯುತ್ತಲೇ ಏಳುವ ಮಾತು ಒಂದೇ: "ಬಾಡಿಗೆ ಕಟ್ಟಿದ್ದು ಸಾಕು, ಒಂದು ಸ್ವಂತ ಮನೆ ಮಾಡೋಣ." ಆ ಮಾತು ಬಂದ ಮನೆಯಿಂದ ಎರಡನೆಯ ಪ್ರಶ್ನೆಯೂ ಬರುತ್ತದೆ: "ನಿಮಗೆ ಯಾರಾದರೂ ಅಗ್ಗದ ಕನ್ವೇಯನ್ಸರ್ ಗೊತ್ತಾ?" ಈ ಪ್ರಶ್ನೆಗೆ ಒಂದು ಹೆಸರು ಹೇಳಿ ಸುಮ್ಮನಾಗುವುದು ಸುಲಭ. ಹಾಗೆ ಮಾಡದೆ, ಆ ಹೆಸರನ್ನು ತಾವೇ ಹೇಗೆ ಹುಡುಕಿಕೊಳ್ಳಬಹುದು ಎಂಬುದನ್ನು ತಮ್ಮ ಮುಂದಿಡಲು ಬಯಸುತ್ತೇವೆ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದರು ನಮ್ಮ ಹಿರಿಯರು. ಇಲ್ಲಿ ನಮಗೆ ಕಟ್ಟುವ ಕಷ್ಟವಿಲ್ಲ, ಕಟ್ಟಿದ್ದನ್ನು ಕೊಳ್ಳುವ ಕಷ್ಟವಿದೆ. ಮಾರುವವರಿಂದ ಕೊಳ್ಳುವವರಿಗೆ ಮನೆಯ ಒಡೆತನವನ್ನು ಕಾನೂನಿನ ಪ್ರಕಾರ ದಾಟಿಸುವ ಕೆಲಸಕ್ಕೆ ಕನ್ವೇಯನ್ಸಿಂಗ್ ಎನ್ನುತ್ತಾರೆ. ಊರಿನಲ್ಲಿ ಪತ್ರ ಬರಹಗಾರರು ಕ್ರಯಪತ್ರ ಬರೆದು, ಇ.ಸಿ. ತೆಗೆಸಿ, ಖಾತೆ ನೋಡಿ, ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬರುವುದನ್ನು ನಾವು ಬಲ್ಲೆವು. ಅಲ್ಲಿ ನೋಂದಣಿಯಾಗುವುದು ಪತ್ರ. ಇಲ್ಲಿ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗುವುದು ಒಡೆತನವೇ. ಹಾಗೆಂದು ಚಿಂತೆಯಿಲ್ಲ ಎಂದಲ್ಲ. ಮನೆಯ ಹಿಂದಿನ ದಾರಿ ಯಾರದು, ಹೊಸದಾಗಿ ಕಟ್ಟಿದ ಕೋಣೆಗೆ ಅನುಮತಿ ಇದೆಯೇ, ಚರಂಡಿ ಯಾರ ನೆಲದಡಿ ಹೋಗಿದೆ, ಇವನ್ನೆಲ್ಲ ಕೇಳಿ ತಿಳಿಯಬೇಕಾದವರು ಕೊಳ್ಳುವವರೇ. ನಮ್ಮ ಪರವಾಗಿ ಕೇಳುವವರು ಕನ್ವೇಯನ್ಸರ್.

ಈ ಕೆಲಸವನ್ನು ಸಂಭಾವನೆ ಪಡೆದು ಮಾಡುವ ಹಕ್ಕು 1804ರಿಂದ ಬಹುಕಾಲ ವಕೀಲ ವರ್ಗಕ್ಕೇ ಮೀಸಲಾಗಿತ್ತು. 1985ರ ನ್ಯಾಯಾಡಳಿತ ಕಾಯಿದೆ ಆ ಏಕಸ್ವಾಮ್ಯವನ್ನು ಮುರಿದು, ಲೈಸೆನ್ಸ್ ಪಡೆದ ಕನ್ವೇಯನ್ಸರ್ ಎಂಬ ಹೊಸ ವೃತ್ತಿಯನ್ನು ತಂದಿತು. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಬಳಿಗಾದರೂ ಹೋಗಬಹುದು, ಲೈಸೆನ್ಸ್ ಪಡೆದ ಕನ್ವೇಯನ್ಸರ್ ಬಳಿಗಾದರೂ ಹೋಗಬಹುದು. ಮೊದಲಿನವರ ಮೇಲೆ ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ನಿಗಾ ಇರುತ್ತದೆ, ಎರಡನೆಯವರ ಮೇಲೆ ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್‌ನದು. ಇಬ್ಬರೂ ವಿಮೆ ಹೊಂದಿರಲೇಬೇಕು. ಹೆಸರನ್ನು ಈ ಸಂಸ್ಥೆಗಳ ಪಟ್ಟಿಯಲ್ಲಿ ನೋಡಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿನ ಬಂಧುಗಳು ಅಲ್ಲಿನ ಸಾಲಿಸಿಟರನ್ನೇ ಕೇಳಬೇಕು.

ಇನ್ನು ದರದ ಮಾತು. 2018ರ ಡಿಸೆಂಬರಿನಿಂದ ಸಾಲಿಸಿಟರ್ ಸಂಸ್ಥೆಗಳು ಮನೆ ಕೊಳ್ಳುವ ಕೆಲಸದ ದರವನ್ನು ತಮ್ಮ ಅಂತರ್ಜಾಲ ತಾಣದಲ್ಲಿ ಪ್ರಕಟಿಸಲೇಬೇಕೆಂಬ ನಿಯಮವಿದೆ. ಹೋಲಿಸಿ ನೋಡುವುದಕ್ಕೆ ಇದು ಅನುಕೂಲವೇ. ಆದರೆ ದಪ್ಪ ಅಕ್ಷರದಲ್ಲಿ ಕಾಣುವ ಸಂಖ್ಯೆ ಬಹಳ ಸಲ ಅವರ ಮೂಲ ಶುಲ್ಕ ಮಾತ್ರ. ಅದಕ್ಕೆ 20 ಶೇಕಡಾ ವ್ಯಾಟ್ ಸೇರುತ್ತದೆ. ಮೇಲೆ ಸ್ಥಳೀಯ ಆಡಳಿತ, ನೀರು-ಚರಂಡಿ, ಪರಿಸರ ಇವುಗಳ ಶೋಧನೆಯ ಖರ್ಚು, ಲ್ಯಾಂಡ್ ರಿಜಿಸ್ಟ್ರಿಯ ಶುಲ್ಕ, ಇವು ಯಾರ ಬಳಿ ಹೋದರೂ ತಪ್ಪಿದ್ದಲ್ಲ. ವ್ಯತ್ಯಾಸ ಕಾಣುವುದು ಮೂರನೆಯ ಸಾಲಿನಲ್ಲಿ. ಲೀಸ್‌ಹೋಲ್ಡ್ ಫ್ಲ್ಯಾಟ್ ಆದರೆ ಇಷ್ಟು, ಬ್ಯಾಂಕಿನ ಸಾಲವಿದ್ದರೆ ಇಷ್ಟು, ತಂದೆ ತಾಯಿ ಹಣ ಕೊಟ್ಟಿದ್ದರೆ ಇಷ್ಟು, ತೆರಿಗೆಯ ಅರ್ಜಿ ತುಂಬಲು ಇಷ್ಟು, ಹಣ ವರ್ಗಾಯಿಸಲು ಇಷ್ಟು, ಗುರುತು ಪರಿಶೀಲನೆಗೆ ಇಷ್ಟು ಎಂದು ಸಣ್ಣ ಅಕ್ಷರದಲ್ಲಿ ಸೇರುತ್ತಾ ಹೋಗುತ್ತದೆ. ಮದುವೆ ಛತ್ರದ ಬಾಡಿಗೆ ಕಡಿಮೆ ಎಂದು ಒಪ್ಪಿಕೊಂಡ ಮೇಲೆ ಪಾತ್ರೆ, ಜನರೇಟರ್, ಕಸ ಗುಡಿಸುವುದು ಎಂದು ಬೇರೆ ಬೇರೆ ಚೀಟಿ ಬರುವ ಹಾಗೆ.

ಆದ್ದರಿಂದ ಮೂರು ಕಡೆ ದರ ಕೇಳಿ. ಮೂವರಿಗೂ ಒಂದೇ ವಿವರ ಕೊಡಿ: ಮನೆಯ ಬೆಲೆ, ಫ್ರೀಹೋಲ್ಡೋ ಲೀಸ್‌ಹೋಲ್ಡೋ, ಯಾವ ಬ್ಯಾಂಕಿನ ಸಾಲ, ಹಣ ಎಲ್ಲಿಂದ ಬರುತ್ತದೆ. "ಕೀಲಿ ಕೈಗೆ ಬರುವ ದಿನದವರೆಗೆ, ನೋಂದಣಿಯೂ ಸೇರಿ, ಒಟ್ಟು ಎಷ್ಟಾಗುತ್ತದೆ? ಬರವಣಿಗೆಯಲ್ಲಿ ಕೊಡಿ" ಎಂದು ಕೇಳಿ. ವ್ಯವಹಾರ ಮುರಿದು ಬಿದ್ದರೆ ಎಷ್ಟು ಕೊಡಬೇಕು ಎಂಬುದನ್ನೂ ಕೇಳಿ. "ವ್ಯವಹಾರ ಮುಗಿಯದಿದ್ದರೆ ಶುಲ್ಕವಿಲ್ಲ" ಎಂಬ ಭರವಸೆ ಅವರ ಶುಲ್ಕಕ್ಕೆ ಮಾತ್ರ, ಆಗಲೇ ಮಾಡಿಸಿದ ಶೋಧನೆಯ ಹಣ ಹಿಂದಿರುಗುವುದಿಲ್ಲ. ತಾವು ಸಾಲ ಪಡೆಯುವ ಬ್ಯಾಂಕಿನ ಒಪ್ಪಿತ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದೂ ವಿಚಾರಿಸಿ. ಇಲ್ಲದಿದ್ದರೆ ಬ್ಯಾಂಕಿಗೆ ಬೇರೆ ವಕೀಲರು ಬೇಕಾಗಿ ಖರ್ಚು ಹೆಚ್ಚಬಹುದು.

ಎಸ್ಟೇಟ್ ಏಜೆಂಟರು ತಾವಾಗಿಯೇ ಒಬ್ಬ ಕನ್ವೇಯನ್ಸರನ್ನು ಸೂಚಿಸುವುದುಂಟು. ಅವರು ಒಳ್ಳೆಯವರೇ ಇರಬಹುದು. ಆದರೆ ಆ ಸೂಚನೆಗೆ ಏಜೆಂಟರಿಗೆ ಹಣ ಸಂದಾಯವಾಗುವುದು ಇಲ್ಲಿ ಸಾಮಾನ್ಯ. ಅದನ್ನು ನಮಗೆ ತಿಳಿಸಬೇಕು, ಅವರನ್ನೇ ಒಪ್ಪಿಕೊಳ್ಳಬೇಕೆಂಬ ಕಟ್ಟಳೆ ನಮಗಿಲ್ಲ. ಇದೇ ಮಾತು ನಮ್ಮವರಿಗೂ ಅನ್ವಯಿಸುತ್ತದೆ. ಕನ್ನಡದಲ್ಲಿ ಮಾತನಾಡುವ ವಕೀಲರು ಸಿಕ್ಕರೆ ಸಂತೋಷ. ಆದರೆ "ನಮ್ಮ ಕಡೆಯವರು, ಲೆಕ್ಕ ಹಾಕುವುದಿಲ್ಲ" ಎಂದು ಕರಾರಿಲ್ಲದೆ ಕೆಲಸ ಒಪ್ಪಿಸಿದರೆ ದುಡ್ಡೂ ಕೆಡುತ್ತದೆ, ಸ್ನೇಹವೂ ಕೆಡುತ್ತದೆ.

ಬಂಧುಗಳೇ, ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳೀತು. ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಅದು ಸ್ಟ್ಯಾಂಪ್ ಡ್ಯೂಟಿ. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್ 1ರಂದು ಜಾರಿಗೆ ಬಂದ ದರದ ಪ್ರಕಾರ 4 ಲಕ್ಷ ಪೌಂಡಿನ ಒಂದು ಮನೆಯನ್ನು ಲೆಕ್ಕ ಹಾಕೋಣ. ಜೀವನದಲ್ಲಿ ಮೊದಲ ಬಾರಿ ಮನೆ ಕೊಳ್ಳುವವರಿಗೆ ತೆರಿಗೆ 5 ಸಾವಿರ ಪೌಂಡು. ಆ ರಿಯಾಯಿತಿ ಇಲ್ಲದ ಸಾಮಾನ್ಯ ಖರೀದಿದಾರರಿಗೆ 10 ಸಾವಿರ. ಬೇರೊಂದು ಮನೆ ಇರುವವರಿಗೆ, 2024ರ ಅಕ್ಟೋಬರ್ 31ರಿಂದ 5 ಶೇಕಡಾಕ್ಕೆ ಏರಿದ ಹೆಚ್ಚುವರಿ ತೆರಿಗೆ ಸೇರಿ, 30 ಸಾವಿರ. ಮನೆ ಅದೇ, ಬೆಲೆ ಅದೇ. ತೆರಿಗೆ ಮಾತ್ರ ಐದು, ಹತ್ತು, ಮೂವತ್ತು ಸಾವಿರ.

"ನಮಗೆ ಇಲ್ಲಿ ಬೇರೆ ಮನೆ ಇಲ್ಲವಲ್ಲ" ಎಂದು ತಾವು ಹೇಳಬಹುದು. ಕಾನೂನು ಕೇಳುವುದು ಇಲ್ಲಿಯ ಮನೆಯನ್ನಷ್ಟೇ ಅಲ್ಲ, ಪ್ರಪಂಚದ ಯಾವ ಮೂಲೆಯಲ್ಲಿರುವ ಮನೆಯನ್ನಾದರೂ. ಬೆಂಗಳೂರಿನ ಜಯನಗರದಲ್ಲಿ ತಮ್ಮ ಹೆಸರಿನಲ್ಲಿರುವ ಫ್ಲ್ಯಾಟ್ ಲೆಕ್ಕಕ್ಕೆ ಬರುತ್ತದೆ. ತಂದೆಯವರ ಕಾಲಾನಂತರ ಅಣ್ಣತಮ್ಮಂದಿರ ಜೊತೆ ಬಂದ ಮನೆಯ ಪಾಲು ಮೊದಲ ಖರೀದಿಯ ರಿಯಾಯಿತಿಗೆ ಅಡ್ಡಬರಬಹುದು. ಗಂಡ ಹೆಂಡತಿ ಸೇರಿ ಕೊಳ್ಳುವಾಗ ಇಬ್ಬರೂ ಮೊದಲ ಬಾರಿಯವರಾಗಿದ್ದರೆ ಮಾತ್ರ ಆ ರಿಯಾಯಿತಿ. ಹೆಚ್ಚುವರಿ ತೆರಿಗೆಯ ವಿಷಯದಲ್ಲಂತೂ ಒಟ್ಟಿಗೆ ಬಾಳುತ್ತಿರುವ ದಂಪತಿಗಳನ್ನು ಒಂದೇ ಘಟಕವೆಂದು ನೋಡುತ್ತಾರೆ. ಹೆಂಡತಿಯ ಹೆಸರಿನಲ್ಲಿ ಮೈಸೂರಿನಲ್ಲಿ ಮನೆಯಿದ್ದು, ಗಂಡ ಒಬ್ಬನೇ ಇಲ್ಲಿ ಕೊಂಡರೂ ತಪ್ಪಿಸಿಕೊಳ್ಳುವಂತಿಲ್ಲ.

ವಿನಾಯಿತಿಗಳೂ ಇವೆ. ಬೇರೆ ಮನೆಯಲ್ಲಿನ ಪಾಲಿನ ಬೆಲೆ 40 ಸಾವಿರ ಪೌಂಡಿಗಿಂತ ಕಡಿಮೆಯಿದ್ದರೆ ಹೆಚ್ಚುವರಿ ತೆರಿಗೆಗೆ ಅದನ್ನು ಎಣಿಸುವುದಿಲ್ಲ. ಆನುವಂಶಿಕವಾಗಿ ಬಂದ ಪಾಲು ಅರ್ಧಕ್ಕೆ ಮೀರದೆ, ಬಂದು ಮೂರು ವರ್ಷದೊಳಗಾಗಿದ್ದರೆ ಅದಕ್ಕೂ ರಿಯಾಯಿತಿ ಇದೆ. ವಾಸವಿದ್ದ ಮನೆಯನ್ನು ಮಾರಿ ಬದಲಿ ಮನೆ ಕೊಳ್ಳುವವರ ನಿಯಮ ಬೇರೆ. ಖಾಲಿ ನಿವೇಶನ ಬೇರೆ, ಅದರ ಮೇಲೆ ಎದ್ದ ಮನೆ ಬೇರೆ. ಹೊಸದಾಗಿ ಈ ದೇಶಕ್ಕೆ ಬಂದು, ಖರೀದಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 183 ದಿನ ಇಲ್ಲಿರದವರಿಗೆ 2021ರ ಏಪ್ರಿಲಿನಿಂದ ಮತ್ತೆ 2 ಶೇಕಡಾ ಸೇರುತ್ತದೆ. ಮುಂದೆ ನಿಗದಿತ ಅವಧಿಯಲ್ಲಿ ಅಷ್ಟು ದಿನ ತುಂಬಿದರೆ ಅದನ್ನು ಹಿಂದಕ್ಕೆ ಕೇಳಬಹುದು.

ನಮ್ಮ ಅವಿಭಕ್ತ ಕುಟುಂಬದ ಆಸ್ತಿ ಈ ಪ್ರಶ್ನೆಯನ್ನು ಮತ್ತಷ್ಟು ಜಟಿಲಗೊಳಿಸುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ನಮ್ಮ ಕಾನೂನು. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ, ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. "ನಿಮಗೆ ಎಲ್ಲಾದರೂ ಮನೆಯಲ್ಲಿ ಪಾಲಿದೆಯೇ?" ಎಂದು ಇಲ್ಲಿಯ ನಮೂನೆ ಕೇಳಿದಾಗ, ಹಾಸನದ ತೊಟ್ಟಿಮನೆಯನ್ನು ನೆನೆದು ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ಎಂಬುದು ಊಹೆಯ ಮೇಲೆ ಬಿಡುವ ಮಾತಲ್ಲ. ಇಲ್ಲಿಯೇ ಅಗ್ಗದ ಕನ್ವೇಯನ್ಸರಿನ ಪರೀಕ್ಷೆಯಾಗುವುದು. "ತೆರಿಗೆ ಸಲಹೆ ನಮ್ಮ ಕೆಲಸದಲ್ಲಿ ಸೇರಿಲ್ಲ" ಎಂದು ಎಷ್ಟೋ ಕರಾರುಗಳಲ್ಲಿ ಬರೆದಿರುತ್ತದೆ. ಹಾಗಿದ್ದರೂ ತೆರಿಗೆಯ ಅರ್ಜಿಯ ಹೊಣೆ ಕಾನೂನಿನ ಕಣ್ಣಿನಲ್ಲಿ ಕೊಳ್ಳುವವರದೇ. ಖರೀದಿ ಮುಗಿದ 14 ದಿನದೊಳಗೆ ಅರ್ಜಿಯನ್ನೂ ಹಣವನ್ನೂ ಸಲ್ಲಿಸಬೇಕು. ತಪ್ಪು ಉತ್ತರ ಕೊಟ್ಟರೆ ಮುಂದೊಂದು ದಿನ ಬಾಕಿ, ಬಡ್ಡಿ, ದಂಡ ಎಲ್ಲ ಒಟ್ಟಿಗೆ ಬಂದೀತು. ಆದ್ದರಿಂದ ಊರಿನ ಮನೆ, ಪಾಲು, ಫ್ಲ್ಯಾಟ್ ಎಲ್ಲವನ್ನೂ ಮೊದಲ ದಿನವೇ ಬರೆದು ಕೊಡಿ. ಅವರು ಉತ್ತರಿಸಲಾರೆವೆಂದರೆ ತೆರಿಗೆ ತಜ್ಞರ ಬಳಿ ಒಮ್ಮೆ ಸಲಹೆ ಪಡೆಯಿರಿ. ಮನೆ ಕೊಳ್ಳುವ ಮಾತು ಬಂದಾಗ ಊರಿನ ಆಸ್ತಿಯನ್ನು ಮುಚ್ಚಿಡುವುದು ಉಳಿತಾಯವಲ್ಲ, ಸಾಲ.

ಎರಡನೆಯ ವಿಶೇಷ, ಹಣದ ಮೂಲ. ಕಪ್ಪು ಹಣ ತಡೆಯುವ 2017ರ ನಿಯಮಗಳಂತೆ ಕನ್ವೇಯನ್ಸರು ತಮ್ಮ ಮುಂಗಡ ಹಣ ಎಲ್ಲಿಂದ ಬಂತೆಂದು ಕೇಳುತ್ತಾರೆ. ಇದರಲ್ಲಿ ಅವಮಾನವೇನೂ ಇಲ್ಲ, ಎಲ್ಲರನ್ನೂ ಕೇಳುತ್ತಾರೆ. ಅಪ್ಪ ಕಳಿಸಿದ ಹಣವಾದರೆ ಅದು ಸಾಲವಲ್ಲ, ಉಡುಗೊರೆ ಎಂಬ ಪತ್ರ, ಅವರ ಗುರುತು ಚೀಟಿ, ಬ್ಯಾಂಕಿನ ಲೆಕ್ಕ ಬೇಕಾಗುತ್ತದೆ. ಊರಿನ ಸೈಟು ಮಾರಿದ ಹಣವಾದರೆ ಕನ್ನಡದ ಕ್ರಯಪತ್ರಕ್ಕೆ ಇಂಗ್ಲಿಷ್ ಅನುವಾದವೂ ಬೇಕಾದೀತು. ಭಾರತದಲ್ಲಿ ವಾಸಿಸುವವರು ಒಂದು ಆರ್ಥಿಕ ವರ್ಷದಲ್ಲಿ ಹೊರದೇಶಕ್ಕೆ ಕಳಿಸಬಹುದಾದ ಮಿತಿ ತಲೆಗೆ 2.5 ಲಕ್ಷ ಅಮೆರಿಕನ್ ಡಾಲರ್. ಈ ಕಾಗದಗಳನ್ನು ಮನೆ ಹುಡುಕುವಾಗಲೇ ಹೊಂದಿಸಿಕೊಳ್ಳಿ. ಭಾರತದಿಂದ ಬರುವ ಹಣದ ಪರಿಶೀಲನೆ ಮಾಡಿ ಅಭ್ಯಾಸವಿದೆಯೇ, ಅದಕ್ಕೆ ಬೇರೆ ಶುಲ್ಕವೆಷ್ಟು ಎಂದು ಕನ್ವೇಯನ್ಸರನ್ನೂ ಮೊದಲೇ ಕೇಳಿ. ಇಲ್ಲಿ ಕರಾರು ವಿನಿಮಯವಾಗುವವರೆಗೆ ಮಾರುವವರು ಮನಸ್ಸು ಬದಲಿಸಬಹುದು. ಕಾಗದ ಬರುವುದು ತಡವಾಯಿತೆಂದು ಮೆಚ್ಚಿದ ಮನೆ ಬೇರೆಯವರ ಪಾಲಾಗಬಾರದು.

ಫ್ಲ್ಯಾಟ್ ಕೊಳ್ಳುವವರಿಗೆ ಒಂದು ಮಾತು. ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ, ನೆಲಬಾಡಿಗೆ ಎಷ್ಟು, ನಿರ್ವಹಣಾ ವೆಚ್ಚ ಎಷ್ಟು ಎಂದು ಕೇಳದೆ ಮುಂದುವರಿಯಬೇಡಿ. ಲಂಡನ್ನಿನ ಗ್ರೆನ್‌ಫೆಲ್ ಗೋಪುರದ 2017ರ ಬೆಂಕಿ ದುರಂತದ ನಂತರ ಎತ್ತರದ ಕಟ್ಟಡಗಳ ಹೊರಗೋಡೆಯ ಸುರಕ್ಷತೆ ದೊಡ್ಡ ಪ್ರಶ್ನೆಯಾಗಿದೆ. 2022ರ ಕಟ್ಟಡ ಸುರಕ್ಷತಾ ಕಾಯಿದೆಯ ಕಾಗದಗಳನ್ನು ಓದಬಲ್ಲವರಿಗೇ ಇಂಥ ಕೆಲಸ ಒಪ್ಪಿಸಿ. ನೂರು ಪೌಂಡು ಹೆಚ್ಚು ಕೇಳಿದರೂ ಇಲ್ಲಿ ಅವರೇ ಅಗ್ಗ.

ಕೊನೆಯದಾಗಿ ಒಂದು ಎಚ್ಚರಿಕೆ. ಹಣ ಕಳಿಸುವ ದಿನ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಇ-ಮೇಲ್ ಬಂದರೆ ನಂಬಬೇಡಿ. ಕಳ್ಳರು ವಕೀಲರ ಹೆಸರಿನಲ್ಲೇ ಬರೆಯುತ್ತಾರೆ. ಮೊದಲೇ ಬರೆದಿಟ್ಟುಕೊಂಡ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಕೇಳಿ, ಸ್ವಲ್ಪ ಹಣ ಕಳಿಸಿ ತಲುಪಿತೇ ಎಂದು ವಿಚಾರಿಸಿ, ಆಮೇಲೆ ಉಳಿದದ್ದನ್ನು ಕಳಿಸಿ. ಸೇವೆಯಲ್ಲಿ ಲೋಪವಾದರೆ ಮೊದಲು ಸಂಸ್ಥೆಗೇ ದೂರು ಕೊಡಿ. ಎಂಟು ವಾರದಲ್ಲಿ ಪರಿಹಾರ ಸಿಗದಿದ್ದರೆ ಲೀಗಲ್ ಒಂಬುಡ್ಸ್‌ಮನ್ ಇದ್ದಾರೆ.

ಹಾಗಾದರೆ ಅಗ್ಗದ ಕನ್ವೇಯನ್ಸರ್ ಯಾರು? ಕಡಿಮೆ ಸಂಖ್ಯೆ ತೋರಿಸಿದವರಲ್ಲ. ಒಟ್ಟು ಲೆಕ್ಕವನ್ನು ಮೊದಲೇ ಬರೆದು ಕೊಟ್ಟು, ದೂರವಾಣಿ ಎತ್ತಿ, ಊರಿನ ಮನೆಯ ಬಗ್ಗೆ ನಾವು ಹೇಳುವ ಮುನ್ನ ತಾವೇ ಕೇಳುವವರು. ಬೆವರು ಸುರಿಸಿ ಕೂಡಿಟ್ಟ ಹಣ ನಮ್ಮದು. ಅದನ್ನು ಒಪ್ಪಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳುವುದು ಜಿಪುಣತನವಲ್ಲ, ಗೃಹಸ್ಥಧರ್ಮ. ಮನೆ ಕೊಳ್ಳಲು ಹೊರಟ ಎಲ್ಲ ಕುಟುಂಬಗಳಿಗೂ ಶುಭವಾಗಲಿ, ಗೃಹಪ್ರವೇಶಕ್ಕೆ ಸಂಘದವರನ್ನು ಕರೆಯುವುದನ್ನು ಮಾತ್ರ ಮರೆಯಬೇಡಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.